ಹಾರ್ನ್ ಬದಲಿಸಬೇಡ್ರಪ್ಪಾ, ಅದರ ಜಾಗ ಬದಲಿಸಿ!

ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ ಅಂದರೆ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಲಾರಿಯಿಂದ ಮೂಟೆ ಇಳಿಯುತ್ತಿರುತ್ತದೆ. ಇನ್ನೊಂದು ಕಡೆ ತಳ್ಳುಗಾಡಿ ಅಡ್ಡ ನಿಂತಿರುತ್ತದೆ. ನಡುವೆ ಆಟೋ, ಆಟೋ ಪಕ್ಕದಲ್ಲಿ ದನ. ಇಂಥ ಹೊತ್ತಿನಲ್ಲಿ ಬೆನ್ನ ಮೇಲೆ ಚೀಲ ಹೊತ್ತ ಹಮಾಲಿಯೊಬ್ಬ ರಸ್ತೆ ದಾಟುತ್ತಿರುತ್ತಾನೆ. ಹಿಂದಿನಿಂದ ಲಾರಿಯ ಹಾರ್ನ್ ಕಿವಿಗೆ ಅಪ್ಪಳಿಸುತ್ತದೆ. ಪಾಪ, ಆತ ಬೆಚ್ಚಿಬಿದ್ದು ಪಕ್ಕಕ್ಕೆ ಜಿಗಿಯುತ್ತಾನೆ. ಚೀಲ ಜಾರುತ್ತದೆ. ತಿರುಗಿ ನೋಡಿದರೆ ಲಾರಿಯೂ ಇಲ್ಲ, ಬಸ್ಸೂ ಇಲ್ಲ. ಎರಡೇ ಚಕ್ರದ ಮೋಟಾರ್ ಸೈಕಲ್ ಮೇಲೆ ಕಾಲು ಮುಂದಕ್ಕೆ ಚಾಚಿ, ಕಪ್ಪು ಕನ್ನಡಕ ಹಾಕಿಕೊಂಡು ಕೂತ ಒಬ್ಬ ಹುಡುಗ!

"ಏನ್ ತಮ್ಮಾ, ಜೀವ ತೆಗೀತಿಯೇನು?" ಅಂತ ಅಂಗಡಿ ಕಟ್ಟೆ ಮೇಲಿಂದ ಯಜಮಾನರು ಗದರುತ್ತಾರೆ. ಹುಡುಗ ಕೊಡುವ ಉತ್ತರವೂ ರೆಡಿ: "ಕಂಪನಿ ಹಾರ್ನ್ ಯಾರಿಗೂ ಕೇಳಲ್ಲ ಅಣ್ಣಾರ. ಅದಕ್ಕೇ ಬೇರೆ ಹಾಕ್ಸಿದೀನಿ."

ಹುಡುಗ ಹೇಳಿದ ಆ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಅವನು ಕಂಡುಕೊಂಡ ಮದ್ದು ಮಾತ್ರ ಊರಿಗೆಲ್ಲ ವಿಷ. ಈ ಎರಡು ಸಂಗತಿಯನ್ನೂ ಬೇರೆ ಬೇರೆ ಮಾಡಿ ನೋಡದೆ ಇದ್ದರೆ ಈ ಜಗಳ ಬಗೆಹರಿಯುವುದಿಲ್ಲ.

ಕೇಳದ ಹಾರ್ನಿನ ಕಥೆ

ಕ್ರೂಸರ್ ಅಂದರೆ ಹಳ್ಳಿ ಕಡೆಗೆ ಮಂದಿ ತುಂಬಿಕೊಂಡು ಓಡುವ ಜೀಪಿನಂಥ ಗಾಡಿ ಅಂತಲೇ ಇಲ್ಲಿ ಬಹಳ ಜನ ತಿಳಿದಿದ್ದಾರೆ. ಇದು ಅದಲ್ಲ. ಸೀಟು ತಗ್ಗು, ಹ್ಯಾಂಡಲ್ ಎತ್ತರ, ಮುಂದಿನ ಚಕ್ರ ಮುಂದಕ್ಕೆ ಚಾಚಿಕೊಂಡು, ಕಾಲಿಡುವ ಪೆಗ್ಗೂ ಮುಂದಕ್ಕೆ ಇರುವ, ಆರಾಮಕುರ್ಚಿಯಂಥ ಮೋಟಾರ್ ಸೈಕಲ್ಲಿಗೆ ಕ್ರೂಸರ್ ಎನ್ನುತ್ತಾರೆ. ಹತ್ತಿಪ್ಪತ್ತು ವರ್ಷದಿಂದ ಈಚೆಗೆ ಸಾಲ ಮಾಡಿಯಾದರೂ ಇಂಥ ಗಾಡಿ ತೆಗೆದುಕೊಳ್ಳುವ ಹುಡುಗರು ಹೆಚ್ಚಿದ್ದಾರೆ. ತಪ್ಪೇನೂ ಇಲ್ಲ. ಅವರವರ ದುಡ್ಡು, ಅವರವರ ಶೋಕಿ.

ತೊಂದರೆ ಇರುವುದು ಹಾರ್ನ್ ಕೂತಿರುವ ಜಾಗದಲ್ಲಿ. ಅಮೆರಿಕದ ಹಾರ್ಲೆ-ಡೇವಿಡ್ಸನ್ ಕಂಪನಿಯ ಎಷ್ಟೋ ಮಾದರಿಗಳಲ್ಲಿ ಹಾರ್ನ್ ಇರುವುದು ಇಂಜಿನ್ನಿನ ಎಡ ಮಗ್ಗುಲಲ್ಲಿ, ಎರಡು ಸಿಲಿಂಡರಿನ ನಡುವೆ. ಅದರ ಮೇಲೊಂದು ಹೊಳೆಯುವ ಮುಚ್ಚಳ. ದನದ ಕೊರಳಿಗೆ ಕಟ್ಟುವ ಗಂಟೆಯ ಆಕಾರ ಇರುವುದರಿಂದ ಅಲ್ಲಿನವರು ಅದನ್ನು ದನದ ಗಂಟೆ ಅಂತಲೇ ಕರೆಯುತ್ತಾರೆ. ನೋಡುವುದಕ್ಕೆ ಚೆಂದ. ಆದರೆ ಮುಂದೆ ಹೋಗುವವನಿಗೆ ಕೇಳಬೇಕಾದ ಸದ್ದು ಮಗ್ಗುಲಲ್ಲಿ ನಿಂತವನ ಕಿವಿಗೆ ಹೋಗುತ್ತದೆ. ಅದಕ್ಕೇ ಅಲ್ಲಿನ ಸವಾರರು ಅದನ್ನು ಕಿತ್ತು ಮುಂದಕ್ಕೆ ತಂದು ಕೂರಿಸಿಕೊಳ್ಳುವುದು ಹಳೆಯ ರೂಢಿ.

ಇಲ್ಲಿನ ಗಾಡಿಗಳದ್ದು ಇನ್ನೊಂದು ಕಥೆ. ಕೆಲವಕ್ಕೆ ಹಾರ್ನ್ ಟ್ಯಾಂಕಿನ ಕೆಳಗೆ, ಕೆಲವಕ್ಕೆ ಫೋರ್ಕಿನ ಹಿಂದೆ. ಕಂಪನಿಯವರು ಯೋಚನೆ ಮಾಡಿಯೇ ಇಟ್ಟಿರುತ್ತಾರೆ ಅನ್ನಿ. ಆದರೆ ಗಾಡಿ ಶೋರೂಮಿನಿಂದ ಹೊರಬಿದ್ದ ವಾರಕ್ಕೇ ಅದರ ಮುಂದೆ ದಪ್ಪ ಲೆಗ್ ಗಾರ್ಡು ಬರುತ್ತದೆ. ಲೆಗ್ ಗಾರ್ಡಿಗೆ ಎರಡು ಫಾಗ್ ಲೈಟು. ಅದರ ಮಧ್ಯೆ ಹೆಸರು ಬರೆಸಿದ ಒಂದು ತಗಡು. ಹಾರ್ನಿನ ಬಾಯಿಗೆ ಬಟ್ಟೆ ತುರುಕಿದಂತೆ ಆಗುತ್ತದೆ. ಇಷ್ಟು ಸಾಲದು ಅಂತ ಮಳೆಗಾಲದ ಕೆಸರೆಲ್ಲ ಮುಂದಿನ ಚಕ್ರದಿಂದ ಹಾರಿ ಹಾರ್ನಿನ ತಟ್ಟೆಗೇ ಮೆತ್ತಿಕೊಳ್ಳುತ್ತದೆ. ಆಮೇಲೆ ಪಿ.ಬಿ. ರಸ್ತೆಯಲ್ಲಿ ಇಂಜಿನ್ನಿನ ಪಕ್ಕದಲ್ಲೇ ಕೂತ ಬಸ್ ಚಾಲಕನಿಗೆ ಆ ಹಾರ್ನ್ ಕೇಳಿಸು ಅಂದರೆ ಹೇಗೆ ಕೇಳಿಸೀತು? ಬಸ್ಸು ಎಡಕ್ಕೆ ಎಳೆಯುತ್ತದೆ, ಹುಡುಗ ಚರಂಡಿಗೆ. ಒಂದು ಸಲ ಹೀಗೆ ಬಿದ್ದು ಮೊಣಕಾಲು ತರಚಿಕೊಂಡವನು ನೇರವಾಗಿ ಹೋಗುವುದು ಹಾರ್ನ್ ಅಂಗಡಿಗೇ. ಅವನ ಹೆದರಿಕೆಯನ್ನು ತಮಾಷೆ ಮಾಡಬಾರದು.

ಗ್ಯಾರೇಜಿನವರ ಸುಲಭೋಪಾಯ

ಅಂಗಡಿಯವನ ಹತ್ತಿರ ಉತ್ತರ ಒಂದೇ: "ದೊಡ್ಡದು ಹಾಕ್ಸಿಬಿಡು." ಬಸವನಹುಳುವಿನ ಆಕಾರದ ಜೋಡಿ ಹಾರ್ನು, ಗಾಳಿ ತುಂಬಿ ಊದುವ ಕಂಪ್ರೆಸರ್ ಹಾರ್ನು, ನಾಯಿ ಬೊಗಳುವ ಹಾರ್ನು, ಮಗು ಅಳುವ ಹಾರ್ನು, ಅಂಬುಲೆನ್ಸಿನಂತೆ ಊಳಿಡುವ ಹಾರ್ನು, ಎಲ್ಲ ಇದೆ. ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹಳೆಯ ಹಾರ್ನ್ ಯಾಕೆ ಕೇಳುತ್ತಿರಲಿಲ್ಲ ಅಂತ ನೋಡುವ ವ್ಯವಧಾನ ಕೊಡುವವನಿಗೂ ಇಲ್ಲ, ಹಾಕಿಸಿಕೊಳ್ಳುವವನಿಗೂ ಇಲ್ಲ.

ಹೊಸ ಹಾರ್ನು ಊರಿಗೆ ಮಾತ್ರವಲ್ಲ, ಗಾಡಿಗೂ ಕಂಟಕ. ಕಂಪನಿಯ ತಟ್ಟೆ ಹಾರ್ನ್ ಎಳೆಯುವುದು ಕೆಲವೇ ಆಂಪಿಯರ್ ಕರೆಂಟು. ಜೋಡಿ ದೊಡ್ಡ ಹಾರ್ನು ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ಹ್ಯಾಂಡಲ್ಲಿನಲ್ಲಿರುವ ಪುಟ್ಟ ಸ್ವಿಚ್ಚು, ಅದಕ್ಕೆ ಬಂದಿರುವ ತೆಳು ವೈರು ಅಷ್ಟು ಭಾರ ತಡೆಯುವುದಿಲ್ಲ. ಸ್ವಿಚ್ಚಿನ ಒಳಗಿನ ತಗಡು ಸುಟ್ಟು ಅಂಟಿಕೊಂಡರೆ ಹಾರ್ನ್ ನಿಲ್ಲುವುದೇ ಇಲ್ಲ. ನಡುರಸ್ತೆಯಲ್ಲಿ ಗಾಡಿ ಸುಮ್ಮನೆ ಅರಚುತ್ತಾ ನಿಂತಿರುವುದು, ಸವಾರ ಬೆವರುತ್ತಾ ವೈರು ಕೀಳುತ್ತಿರುವುದು, ಇದನ್ನೆಲ್ಲ ಗಡಿಯಾರ ಕಂಬದ ಸುತ್ತಮುತ್ತ ಕೂತವರು ನೋಡಿ ನಕ್ಕಿರಲೂಬಹುದು. ವೈರಿಂಗ್ ಸುಟ್ಟು ಟ್ಯಾಂಕಿನ ಕೆಳಗೆ ಹೊಗೆ ಎದ್ದರೆ ಮಾತ್ರ ನಗುವ ವಿಷಯವಲ್ಲ.

ಕಾಯಿದೆ ಸುಮ್ಮನಿಲ್ಲ

ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರ 119ನೇ ನಿಯಮ ಇದಕ್ಕೆಂದೇ ಇದೆ. ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಕೂಡದು. ವಿಪರೀತ ಕರ್ಕಶವಾದ, ಚೀರುವ, ಗಾಬರಿ ಹುಟ್ಟಿಸುವ ಸದ್ದಿನ ಯಾವ ಸಾಧನವೂ ಕೂಡದು. ಅಂಬುಲೆನ್ಸ್, ಅಗ್ನಿಶಾಮಕ ದಳ, ಪೊಲೀಸರಂಥವರಿಗೆ ಮಾತ್ರ ವಿನಾಯಿತಿ. ಬೈಕಿನ ಹುಡುಗ ಆ ಪಟ್ಟಿಯಲ್ಲಿ ಇಲ್ಲ.

2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಆದಾಗ 194ಎಫ್ ಎಂಬ ಕಲಮು ಸೇರಿತು. ಸುಮ್ಮಸುಮ್ಮನೆ, ಬಿಡದಂತೆ, ಅಗತ್ಯಕ್ಕಿಂತ ಹೆಚ್ಚು ಹಾರ್ನ್ ಮಾಡಿದರೆ ಮೊದಲ ಸಲ 1000 ರೂಪಾಯಿ ದಂಡ, ಮತ್ತೆ ಮಾಡಿದರೆ 2000. ಹಾರ್ನ್ ನಿಷೇಧದ ಫಲಕ ಇರುವ ಕಡೆ ಬಾರಿಸಿದರೂ ಅಷ್ಟೇ. ನಿಯಮ ಮೀರಿ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ ಅದೇ ತಿದ್ದುಪಡಿಯ 182ಎ ಕಲಮಿನಲ್ಲಿ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವ್ಯಾಪಾರದ ಬೀದಿಗೆ ಹಗಲು 65 ಡೆಸಿಬೆಲ್, ರಾತ್ರಿ 55 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಅಂತ ಗುರುತಿಸಿದರೆ ಅಲ್ಲಿ ಹಗಲು 50, ರಾತ್ರಿ 40. ನಿಶ್ಶಬ್ದ ವಲಯದಲ್ಲೂ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಬಡಾವಣೆಗಳಲ್ಲೂ ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಒತ್ತುವಂತೆಯೇ ಇಲ್ಲ ಅಂತ 2010ರ ತಿದ್ದುಪಡಿ ಹೇಳುತ್ತದೆ. ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿರುವ ರೋಗಿಗೆ ಈ ಕಾಯಿದೆ ಇದೆ ಅಂತ ಯಾರಾದರೂ ಹೇಳಿದರೆ ಅವನು ನೋವು ಮರೆತು ನಗಬಹುದು.

2021ರಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ನಾಸಿಕದಲ್ಲಿ ಒಂದು ಮಾತು ಹೇಳಿದ್ದರು. ಹಾರ್ನಿನಲ್ಲಿ ಕೊಳಲು, ತಬಲ, ಪಿಟೀಲು, ಹಾರ್ಮೋನಿಯಂ ಸದ್ದು ಬರುವಂತೆ ಕಾಯಿದೆ ಮಾಡುವ ಯೋಚನೆ ಇದೆ ಅಂತ. ಕೇಳುವುದಕ್ಕೆ ಇಂಪು. ಆದರೆ ಅಶೋಕ ರಸ್ತೆಯ ರೈಲ್ವೆ ಗೇಟು ತೆಗೆದ ಕೂಡಲೇ ಇನ್ನೂರು ಗಾಡಿ ಒಟ್ಟಿಗೇ ತಬಲ ಬಾರಿಸಿದರೆ ಅದು ಕಚೇರಿ ಆಗುವುದಿಲ್ಲ, ಕದನವೇ ಆಗುತ್ತದೆ. ಕಾಯಿಲೆ ಇರುವುದು ಸ್ವರದಲ್ಲಿ ಅಲ್ಲ ಸ್ವಾಮಿ.

ಜಾಗ ಸರಿಸಿದರೆ ಸಾಕು

ಹಾಗಾದರೆ ಹುಡುಗ ಏನು ಮಾಡಬೇಕು? ಇದ್ದ ಹಾರ್ನನ್ನೇ ಸರಿಯಾದ ಜಾಗಕ್ಕೆ ತಂದು ಕೂರಿಸಬೇಕು. ಇದರಲ್ಲಿ ಮಂತ್ರವೇನೂ ಇಲ್ಲ, ಮರ್ಮ ಇದೆ.

ಹಾರ್ನಿನ ಜೋರನ್ನು ಅಳೆಯುವ ರೀತಿಯಲ್ಲೇ ಆ ಮರ್ಮ ಗೊತ್ತಾಗುತ್ತದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ಇರುವ 28ನೇ ವಾಹನ ನಿಯಮ ಅಂತ ಒಂದಿದೆ, ಹಲವು ದೇಶಗಳು ಒಪ್ಪಿಕೊಂಡಿರುವಂಥದ್ದು. ಅದು ಹಾರ್ನನ್ನು ಬಿಡಿಯಾಗಿ ಪರೀಕ್ಷೆ ಮಾಡಿ ಸುಮ್ಮನಾಗುವುದಿಲ್ಲ. ಗಾಡಿಗೆ ಕೂರಿಸಿದ ಮೇಲೆ, ಗಾಡಿಯ ಎದುರಿಗೆ 7 ಮೀಟರ್ ದೂರದಲ್ಲಿ ಮೈಕು ಇಟ್ಟು ಮತ್ತೊಮ್ಮೆ ಅಳೆಯುತ್ತದೆ. 7 ಕಿಲೋವ್ಯಾಟಿಗಿಂತ ಹೆಚ್ಚು ಶಕ್ತಿಯ ಮೋಟಾರ್ ಸೈಕಲ್ಲಾದರೆ ಅಲ್ಲಿ 93 ಡೆಸಿಬೆಲ್ಲಿಗೆ ಕಡಿಮೆ ಇರಬಾರದು, 112 ಮೀರಬಾರದು. ಅಂದರೆ ಏನು? ಒಂದೇ ಹಾರ್ನ್ ಎಲ್ಲಿ ಕೂತಿದೆ, ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ಎದುರಿನವನಿಗೆ ಕೇಳುವುದು ಹೆಚ್ಚುಕಡಿಮೆ ಆಗುತ್ತದೆ. ಬಾಯಿ ಮುಚ್ಚಿ ಕೂಗಿದರೂ, ಬಾಯಿ ಬಿಟ್ಟು ಕರೆದರೂ ಗಂಟಲು ಒಂದೇ ತಾನೆ?

ಮೊದಲು ಹಾರ್ನ್ ನಿಜವಾಗಿ ಕೆಟ್ಟಿದೆಯೋ ಅಂತ ನೋಡಬೇಕು. ಕೆಸರು ತೊಳೆದು, ವೈರಿನ ಕೊಂಡಿಗೆ ಹಿಡಿದ ಕಿಲುಬು ತಿಕ್ಕಿ, ಬ್ಯಾಟರಿ ನೋಡಿದರೆ ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ. ಒಳಗೆ ಇರುವುದು ಒಂದು ಕಾಯಿಲ್ಲು, ಒಂದು ತೆಳು ಉಕ್ಕಿನ ತಟ್ಟೆ, ಕರೆಂಟು ಕೂಡಿಸಿ ಬಿಡಿಸುವ ಒಂದು ಪಾಯಿಂಟು. ತಟ್ಟೆ ಕ್ಷಣಕ್ಕೆ ನೂರಾರು ಸಲ ನಡುಗಿ ಸದ್ದು ಹೊರಡುತ್ತದೆ. ಬಹಳ ಹಾರ್ನುಗಳಲ್ಲಿ ಅದನ್ನು ಹದ ಮಾಡುವ ಸ್ಕ್ರೂ ಇರುತ್ತದೆ. ಕಾಲು ಸುತ್ತು ತಿರುಗಿಸಿದರೆ ಗೊಗ್ಗರು ದನಿ ಬಿಟ್ಟು ಗಂಟಲು ತೆರೆಯುತ್ತದೆ. ಇದು ಕೈ ಪಳಗಿದ ಮೇಸ್ತ್ರಿಯ ಕೆಲಸ, ಎಲ್ಲರೂ ತಿರುಗಿಸುವುದಲ್ಲ.

ಆಮೇಲೂ ಸಾಲದು ಅನ್ನಿಸಿದರೆ ಜಾಗ ಬದಲಿಸುವುದು. ಹೆಡ್‌ಲೈಟಿನ ಕೆಳಗೆ, ಇಂಜಿನ್ನಿನ ಮುಂದಿನ ಪೈಪಿನ ಆಸುಪಾಸಿನಲ್ಲಿ, ಬಾಯಿ ನೇರ ಮುಂದಕ್ಕೆ, ಒಂದಿಷ್ಟು ಕೆಳಕ್ಕೆ ವಾಲಿರುವಂತೆ. ಕೆಳಕ್ಕೆ ಯಾಕೆಂದರೆ ಮಳೆ ನೀರು ಒಳಗೆ ನಿಲ್ಲಬಾರದು. ಹ್ಯಾಂಡಲ್ಲನ್ನು ಎಡಬಲಕ್ಕೆ ಪೂರಾ ತಿರುಗಿಸಿ, ಫೋರ್ಕನ್ನು ಕೆಳಕ್ಕೆ ಪೂರಾ ಒತ್ತಿ ನೋಡಬೇಕು. ಎಲ್ಲೂ ತಾಗಬಾರದು, ವೈರು ಸಿಕ್ಕಿಕೊಳ್ಳಬಾರದು. ಸೈಲೆನ್ಸರಿನ ಪೈಪಿನ ಹತ್ತಿರ ಬೇಡ, ಸುಡುತ್ತದೆ. ಇಂಜಿನ್ನಿಗೆ ಬರುವ ಗಾಳಿಗೆ ಅಡ್ಡ ಬೇಡ, ಆಯಿಲ್ ಕೂಲರ್ ಇದ್ದರೆ ಅದರ ಮುಂದಂತೂ ಬೇಡವೇ ಬೇಡ.

ಇಲ್ಲಿ ಮೇಸ್ತ್ರಿಗಳು ಮಾಡುವ ದೊಡ್ಡ ತಪ್ಪು ಒಂದಿದೆ. ಹಾರ್ನಿನ ಹಿಂದೆ ಸ್ಪ್ರಿಂಗಿನಂತೆ ಬಾಗುವ ಉಕ್ಕಿನ ಪಟ್ಟಿ ಬಂದಿರುತ್ತದೆ. ಅದನ್ನು ಬಿಸಾಕಿ ಹಾರ್ನನ್ನು ನೇರವಾಗಿ ಲೆಗ್ ಗಾರ್ಡಿಗೆ ನಟ್ಟು ಹಾಕಿ ಬಿಗಿಯುತ್ತಾರೆ. ಅಲ್ಲಿಗೆ ಮುಗಿಯಿತು. ಹಾರ್ನ್ ಸ್ವತಂತ್ರವಾಗಿ ನಡುಗಬೇಕು, ಗಟ್ಟಿ ಕಬ್ಬಿಣಕ್ಕೆ ಕಟ್ಟಿದರೆ ಸದ್ದು ಸಾಯುತ್ತದೆ. ತಮಟೆಯನ್ನು ಅಂಗೈ ಒತ್ತಿ ಹಿಡಿದು ಬಾರಿಸಿದ ಹಾಗೆ. ಆ ಪಟ್ಟಿ ಇದ್ದಂತೆಯೇ ಇರಬೇಕು, ಪಟ್ಟಿಯ ಇನ್ನೊಂದು ತುದಿಗೆ ಮಾತ್ರ ನಟ್ಟು.

ವೈರು ಉದ್ದ ಸಾಲದಿದ್ದರೆ ತಿರುಚಿ ಟೇಪು ಸುತ್ತುವುದು ಬೇಡ. ಅಷ್ಟೇ ದಪ್ಪದ ವೈರಿಗೆ ಸರಿಯಾದ ಕೊಂಡಿ ಹಾಕಿ ಜೋಡಿಸಬೇಕು. ಕಾಯಿದೆ ಒಪ್ಪುವ ಬೇರೆ ಹಾರ್ನನ್ನೇ ಹಾಕುವುದಾದರೆ ಬ್ಯಾಟರಿಯಿಂದ ಫ್ಯೂಸು ಹಾಯಿಸಿ ರಿಲೇ ಮೂಲಕ ಕರೆಂಟು ಕೊಡಬೇಕು. ಹ್ಯಾಂಡಲಿನ ಸ್ವಿಚ್ಚು ರಿಲೇಯನ್ನು ಎಬ್ಬಿಸಿದರೆ ಸಾಕು, ಭಾರವೆಲ್ಲ ರಿಲೇ ಹೊರುತ್ತದೆ. ಗಾಡಿ ವಾರಂಟಿಯಲ್ಲಿದ್ದರೆ ವೈರು ಕತ್ತರಿಸುವ ಮುಂಚೆ ಸರ್ವೀಸ್ ಸೆಂಟರಿನಲ್ಲಿ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ಕಾಯಿದೆ ಇದನ್ನೂ ತಡೆಯುತ್ತದಾ ಅಂತ ಕೆಲವರು ಹೆದರುತ್ತಾರೆ. ಕಾಯಿದೆಯ 52ನೇ ಕಲಮು ಹೇಳುವುದು ಆರ್.ಸಿ.ಯಲ್ಲಿ ನಮೂದಾದ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸಬೇಡಿ ಎಂದು. ಹಾರ್ನ್ ಯಾವ ಮೂಲೆಯಲ್ಲಿದೆ ಅಂತ ಆರ್.ಸಿ.ಯಲ್ಲಿ ಯಾರೂ ಬರೆದಿಲ್ಲ. ಕಂಪನಿ ಕೊಟ್ಟ ಹಾರ್ನನ್ನೇ ಒಂದು ಗೇಣು ಮುಂದಕ್ಕೆ ತಂದವನನ್ನೂ, ಲಾರಿ ಹಾರ್ನ್ ಹಾಕಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಕಟ್ಟೆ ಮೇಲಿನವರ ಪಾಲು

ಇಷ್ಟು ಓದಿ ಅಂಗಡಿಯವರು ಖುಷಿಯಾಗಿರಬಹುದು. ಸ್ವಲ್ಪ ತಾಳಿ.

ಹಾರ್ನ್ ಯಾಕೆ ಒತ್ತುತ್ತಾರೆ? ದಾರಿ ಇಲ್ಲದ್ದಕ್ಕೆ. ದಾರಿ ಯಾಕಿಲ್ಲ? ಅಂಗಡಿಯ ಅರ್ಧ ಸಾಮಾನು ಫುಟ್‌ಪಾತಿನ ಮೇಲೆ, ಬೋರ್ಡು ರಸ್ತೆ ಮೇಲೆ, ಗಿರಾಕಿಯ ಸ್ಕೂಟರು ಬೋರ್ಡಿನಾಚೆ. ನಡೆಯುವವನು ನಡುರಸ್ತೆಗೆ ಇಳಿಯದೆ ಬೇರೆ ಗತಿಯೇ ಇಲ್ಲ. ಬಸ್ಸಿಗೆ ಕಾಯುವವರೂ ಸಾಚಾ ಅಲ್ಲ. ನಿಲ್ದಾಣ ಬಿಟ್ಟು ಎರಡು ಮಾರು ರಸ್ತೆಗೆ ಬಂದು, ಬಸ್ಸು ಬಂತೋ ಇಲ್ಲವೋ ಅಂತ ಕತ್ತು ಚಾಚಿ ನಿಲ್ಲುತ್ತಾರೆ. ಬೈಕಿನವನು ಹಾರ್ನ್ ಮಾಡದೆ ಹೇಗೆ ಹೋಗಬೇಕು? ಅವನೇನು ಹಾರಿಕೊಂಡು ಹೋಗಬೇಕಾ?

ಹಾಗಂತ ಅವನಿಗೆ ಅರಚುವ ಪರವಾನಗಿ ಸಿಕ್ಕಂತೆ ಅಲ್ಲ. ಕಂಪನಿ ಹಾರ್ನ್ ಸರಿಯಾಗಿ ಕೂತಿದ್ದರೆ ಪೇಟೆ ಬೀದಿಯ ವೇಗಕ್ಕೆ ಅದು ಧಾರಾಳ ಸಾಕು. ಹೆದ್ದಾರಿಯಲ್ಲಿ ಲಾರಿ ದಾಟಲು ಹಾಕಿಸಿಕೊಂಡ ಗಂಟಲನ್ನು ಮಂಡಿಪೇಟೆಯ ಹಮಾಲಿಯ ಕಿವಿಗೆ ಹಿಡಿಯುವುದು ಯಾವ ಮರ್ಯಾದೆ? 10 ಡೆಸಿಬೆಲ್ ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಕಾರ್ಖಾನೆ ಕೆಲಸಗಾರರ ಕಿವಿ ಕಾಪಾಡಲು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿರುವ ಲೆಕ್ಕ ಹೀಗಿದೆ: 85 ಡೆಸಿಬೆಲ್ಲಿನಲ್ಲಿ ದಿನಕ್ಕೆ 8 ಗಂಟೆ, 88ರಲ್ಲಿ 4 ಗಂಟೆ, 91ರಲ್ಲಿ 2 ಗಂಟೆ, ಅಷ್ಟೇ. ಕಾರ್ಖಾನೆಯವನಿಗೆ ಕಿವಿಗೆ ಹತ್ತಿಯಾದರೂ ಕೊಡುತ್ತಾರೆ. ರಸ್ತೆಗೆ ಮುಖ ಮಾಡಿ ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾದ ಮೇಲೆ ಕೂರುವವನಿಗೆ ಏನು ಕೊಡುತ್ತಾರೆ? ಗಿರಾಕಿ ಕಾಲು ಕೇಜಿ ಕೇಳಿದರೆ ಅರ್ಧ ಕೇಜಿ ಕಟ್ಟುವ ಯಜಮಾನರನ್ನು ಕಂಡು ಮಕ್ಕಳು ನಗುತ್ತಾರೆ. ಅವರ ಕಿವಿ ಯಾಕೆ ಮಂದವಾಯಿತು ಅಂತ ಯಾರೂ ಕೇಳುವುದಿಲ್ಲ.

ಈಗ ಆಗಬೇಕಾದ್ದು

ಸಂಚಾರಿ ಪೊಲೀಸರು ರಸ್ತೆಯಲ್ಲಿ ಹುಡುಗರನ್ನು ಹಿಡಿದು ದಂಡ ಹಾಕುವುದರಿಂದ ಮಾತ್ರ ಇದು ಮುಗಿಯುವುದಿಲ್ಲ. ರಸೀದಿ ಹರಿದು ಕೈಗೆ ಕೊಟ್ಟ ಮೇಲೆ ಹುಡುಗ ಅದೇ ಹಾರ್ನ್ ಬಾರಿಸುತ್ತಾ ಮನೆಗೆ ಹೋಗುತ್ತಾನೆ. ದಂಡ ಬೀಳುವುದು ಅವನ ತಲೆಗೆ, ಮಾರಿದವನು ಮುಂದಿನ ಗಿರಾಕಿಗೆ ಕವರು ಕಟ್ಟುತ್ತಿರುತ್ತಾನೆ. ನಾಯಿ ಬೊಗಳುವ ಹಾರ್ನನ್ನು ಹಾಡಹಗಲೇ ಅಂಗಡಿ ಬಾಗಿಲಿಗೆ ನೇತುಹಾಕಿ ಮಾರುವಾಗ ಕಾಯಿದೆ ಎಲ್ಲಿ ಮಲಗಿರುತ್ತದೆ?

ಖರ್ಚಿಲ್ಲದ ಒಂದು ದಾರಿ ಇದೆ. ಆರ್.ಟಿ.ಒ., ಸಂಚಾರಿ ಪೊಲೀಸರು, ಗ್ಯಾರೇಜಿನವರು ಸೇರಿ ಒಂದು ಭಾನುವಾರ ಹೈಸ್ಕೂಲ್ ಮೈದಾನದಲ್ಲಿ ಹಾರ್ನ್ ತಪಾಸಣೆ ಇಡಲಿ. 7 ಮೀಟರಿಗೆ ಸುಣ್ಣದ ಗೆರೆ ಎಳೆದು ಅಳೆಯುವ ಯಂತ್ರ ಇಡಲಿ. ಕರ್ಕಶ ಹಾರ್ನ್ ಅಲ್ಲೇ ಬಿಚ್ಚಿಕೊಟ್ಟವನಿಗೆ ಆ ಒಂದು ದಿನ ದಂಡ ಬೇಡ. ಕಂಪನಿ ಹಾರ್ನನ್ನು ತೊಳೆದು, ಹದ ಮಾಡಿ, ಮುಂದಕ್ಕೆ ಕೂರಿಸಿಕೊಡುವ ಕೆಲಸಕ್ಕೆ ಗ್ಯಾರೇಜಿನವರು ನ್ಯಾಯವಾದ ಕೂಲಿ ಪಡೆಯಲಿ. ಅವರ ಹೊಟ್ಟೆ ಮೇಲೆ ಹೊಡೆಯುವ ಮಾತೇನೂ ಇಲ್ಲಿಲ್ಲ. ತಮ್ಮ ಹಾರ್ನ್ ಕೇಳುತ್ತದೆ ಅಂತ ಹುಡುಗರಿಗೆ ಒಮ್ಮೆ ಕಣ್ಣಾರೆ ಗೊತ್ತಾದರೆ ಅರ್ಧ ಜನ ಲಾರಿ ಹಾರ್ನಿನ ಗೋಜಿಗೆ ಹೋಗುವುದಿಲ್ಲ. ಉಳಿದರ್ಧ ಜನಕ್ಕೆ ಸೋಮವಾರದಿಂದ ದಂಡ ಇದ್ದೇ ಇದೆ.

ಅದೇ ಸೋಮವಾರ ಅಂಗಡಿಯವರೂ ತಮ್ಮ ಬೋರ್ಡನ್ನು ಕಟ್ಟೆಯೊಳಗೆ ಎಳೆದುಕೊಳ್ಳಲಿ. ಬಸ್ಸಿಗೆ ನಿಲ್ಲುವವರು ಎರಡು ಹೆಜ್ಜೆ ಹಿಂದೆ ಸರಿಯಲಿ. ಹಾರ್ನಿಗೆ ಮಾತ್ರವಲ್ಲ, ಮನುಷ್ಯರಿಗೂ ಅವರವರ ಜಾಗ ಅಂತ ಒಂದಿದೆ.

ಚೀಲ ಹೊತ್ತ ಹಮಾಲಿಗೆ ಹಿಂದಿರುಗಿ ನೋಡುವಷ್ಟು ಪುರುಸೊತ್ತು ಇಲ್ಲ, ಕತ್ತು ತಿರುಗಿಸುವುದಕ್ಕೂ ಆಗುವುದಿಲ್ಲ. ಅವನಿಗೆ ಬೇಕಾದ್ದು ಬೆಚ್ಚಿಬೀಳಿಸುವ ಸದ್ದಲ್ಲ, 'ಬಂದೆ ಕಣಣ್ಣಾ, ಸ್ವಲ್ಪ ಸರಿ' ಅನ್ನುವಷ್ಟು ಸದ್ದು. ಅವನ ಬೆನ್ನ ಮೇಲಿನ ಚೀಲ ಒಂದು ದಿನ ಜಾರಿ ಅವನ ಮೇಲೇ ಬೀಳುವ ಮುಂಚೆ ಸಂಬಂಧಪಟ್ಟವರು ಇತ್ತ ಕಿವಿಗೊಡುವರೇ?